ಬಾಯ್ಲರ್ ಪ್ರೆಶರ್ ನಿಲ್ಲುತ್ತಿಲ್ಲ, ಕೆಳಗಿನ ರೂಮು ತಣ್ಣಗೆ. ಬಾಯ್ಲರನ್ನೇ ಬದಲಿಸಿ ಅನ್ನುತ್ತಾರೆ, ಬೇಕಾ?

ಕಂಬಳಿಹುಳ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಎರಡು ಅಂತಸ್ತಿನ ಮನೆ. ಗ್ಯಾಸ್ ಕಾಂಬಿ ಬಾಯ್ಲರ್ (ರೂಮು ಬೆಚ್ಚಗಿಡಲೂ ನಲ್ಲಿಯ ಬಿಸಿನೀರಿಗೂ ಒಂದೇ), ಅದರ ಬಿಸಿನೀರು ಹರಿದು ರೂಮು ಕಾಯಿಸುವ ರೇಡಿಯೇಟರ್ ಒಟ್ಟು 9. ಬಾಯ್ಲರ್ ಮನೆಯ ಜತೆಗೇ ಬಂದದ್ದು, ಈಗ ಅದಕ್ಕೆ 11 ವರ್ಷ. ನಲ್ಲಿಯಲ್ಲಿ ಬಿಸಿನೀರಿಗೆ ಏನೂ ತೊಂದರೆ ಇಲ್ಲ. ತೊಂದರೆ ಬೇರೆ ಎರಡು.

ಒಂದು, ನೀರಿನ ಪ್ರೆಶರ್ ತೋರಿಸುವ ಗೇಜಿನ ಮುಳ್ಳು ನಿಂತಲ್ಲಿ ನಿಲ್ಲುವುದಿಲ್ಲ. ತಣ್ಣಗಿರುವಾಗ 1.2 ಬಾರ್‌ಗೆ ತುಂಬಿಸಿಟ್ಟರೆ ಮೂರ್ನಾಲ್ಕು ದಿನದಲ್ಲಿ 0.4ಕ್ಕೆ ಇಳಿದು ಬಾಯ್ಲರ್ ಮುನಿಸಿಕೊಂಡು ನಿಂತುಬಿಡುತ್ತದೆ. ಮತ್ತೆ ತುಂಬಿಸುತ್ತೇನೆ, ಮತ್ತೆ ಇಳಿಯುತ್ತದೆ. ಹೀಗೇ ಸುಮಾರು ಒಂದೂವರೆ ವರ್ಷದಿಂದ ನಡೆಯುತ್ತಿದೆ. ಎರಡು, ಮಹಡಿಯ ಮೇಲೆ ಬೆಚ್ಚಗಿದೆ, ಕೆಳಗೆ ಮೂರು ರೇಡಿಯೇಟರ್ ಸರಿಯಾಗಿ ಕಾಯುವುದಿಲ್ಲ. ಹಾಲ್‌ನ ದೊಡ್ಡದಂತೂ ಮೇಲ್ಭಾಗ ಬಿಸಿ, ಕೆಳಭಾಗ ಹಿಮದ ಹಾಗೆ.

ರಿಪೇರಿಯವರನ್ನು ಕರೆಸಿದೆ. 20 ನಿಮಿಷ ಇದ್ದರು. ಟಾರ್ಚ್ ಬಿಟ್ಟು ನೋಡಿದರು. "ಇದರ ಕಾಲ ಮುಗೀತು. ಒಳಗಡೆ ಹೀಟ್ ಎಕ್ಸ್‌ಚೇಂಜರ್ ಸೋರುತ್ತಿರಬೇಕು. ಹೊಸ ಬಾಯ್ಲರ್ ಹಾಕಿಸಿ, ಜತೆಗೆ ಇಡೀ ಸಿಸ್ಟಂಗೆ ಪವರ್ ಫ್ಲಶ್" ಅಂದರು. ಹೀಟ್ ಎಕ್ಸ್‌ಚೇಂಜರ್ ಅಂದರೆ ಉರಿಯ ಬಿಸಿಯನ್ನು ನೀರಿಗೆ ದಾಟಿಸುವ ಭಾಗ, ಪವರ್ ಫ್ಲಶ್ ಅಂದರೆ ಪೈಪು ರೇಡಿಯೇಟರ್ ಒಳಗೆಲ್ಲ ಜೋರಾಗಿ ನೀರು ಹಾಯಿಸಿ ತೊಳೆಯುವುದು. ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಈ ವಾರದೊಳಗೆ ಒಪ್ಪಿಕೊಂಡರೆ ರಿಯಾಯಿತಿಯಂತೆ.

ರೇಡಿಯೇಟರ್‌ನಲ್ಲಿ ಸಿಕ್ಕಿಕೊಂಡ ಗಾಳಿಯಾದರೂ ಹೊರಗೆ ಬಿಟ್ಟು ನೋಡೋಣ ಅಂದರೆ ಅದರ ಆ ಪುಟ್ಟ ಕೀ ಎಲ್ಲೋ ಕಳೆದುಹೋಗಿದೆ. ಮನೆಯೆಲ್ಲ ಜಾಲಾಡಿದೆ. ಏನು ಮಾಡಲಿ?

ಗುಬ್ಬಚ್ಚಿ7
"ಈ ವಾರದೊಳಗೆ" ಅಂದರಲ್ಲ, ಅಲ್ಲೇ ಗೊತ್ತಾಯಿತು. ಸಹಿ ಹಾಕಬೇಡಿ.

ಪೈಪಣ್ಣ
ನೆಗಡಿ ಬಂತು ಅಂತ ಮೂಗು ಕೊಯ್ಯುವ ವೈದ್ಯರು ಅವರು.

ಹಳೇಸ್ಪ್ಯಾನರ್
ತಡೀರಿ, ತಡೀರಿ. ಅವರು ಹೇಳಿದ್ದು ಸುಳ್ಳೇ ಇರಬೇಕು ಅಂತಿಲ್ಲ. ಇದೇ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದು ಈಗ ಮನೆಯಲ್ಲಿ ಕೂತಿದ್ದೇನೆ. ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ ಕಂಬಳಿಹುಳ ಅವರೇ.

ರೇಡಿಯೇಟರ್‌ಗಳು ಪೂರ್ತಿ ಬಿಸಿಯಾದಾಗ ಮುಳ್ಳು ಎಲ್ಲಿಗೆ ಹೋಗುತ್ತದೆ? ಬಾಯ್ಲರ್‌ನಿಂದ ಹೊರಗೋಡೆಗೆ ಬಂದು ಕೆಳಕ್ಕೆ ಬಾಗಿದ ಒಂದು ತಾಮ್ರದ ಪೈಪ್ ಇರುತ್ತದೆ, ಅದರ ಬಾಯಿ ಒದ್ದೆ ಇದೆಯಾ? ಬಾಯ್ಲರ್ ಅಡಿಯಲ್ಲಿ ಎಲ್ಲಾದರೂ ಹನಿ ಕಾಣುತ್ತದಾ? ಕೊನೆಯದು, ಬಂದವರು ಯಾವುದಾದರೂ ಮೀಟರ್ ಹಚ್ಚಿ ಅಳೆದರಾ, ಇಲ್ಲ ಸುಮ್ನೆ ನೋಡಿ ಹೇಳಿದರಾ?

ಕಂಬಳಿಹುಳ
ಈಗಷ್ಟೇ ನೋಡಿ ಬಂದೆ. ಪೂರ್ತಿ ಕಾದಾಗ 2.9! ಇಷ್ಟು ದಿನ ತಣ್ಣಗಿರುವಾಗ ಮಾತ್ರ ನೋಡುತ್ತಿದ್ದೆ. ಹೊರಗಿನ ಪೈಪಿನ ಕೆಳಗೆ ಗೋಡೆಯ ಮೇಲೆ ಕಂದು ಕಲೆ ಇದೆ, ಬಾಯಿ ಒದ್ದೆಯೇ. ಮಳೆ ನೀರು ಅಂದುಕೊಂಡಿದ್ದೆ. ಬಾಯ್ಲರ್ ಅಡಿ ಒಣಗಿದೆ. ಮೀಟರ್ ಗೀಟರ್ ಏನೂ ಹಚ್ಚಲಿಲ್ಲ.

ಹಳೇಸ್ಪ್ಯಾನರ್
ಹಾಗಾದರೆ ಶೇಕಡಾ 90 ಅನುಮಾನ ನನ್ನದು ಎಕ್ಸ್‌ಪ್ಯಾನ್ಶನ್ ವೆಸಲ್ ಮೇಲೆ.

ಬಾಯ್ಲರ್ ಒಳಗೆ, ಅಥವಾ ಅದರ ಬೆನ್ನಿಗೆ, ಒಂದು ಚಪ್ಪಟೆ ಡಬ್ಬಿ ಇರುತ್ತದೆ. ನಡುವೆ ರಬ್ಬರ್ ಪರದೆ. ಪರದೆಯ ಒಂದು ಕಡೆ ಸಿಸ್ಟಂ ನೀರು, ಇನ್ನೊಂದು ಕಡೆ ಗಾಳಿ. ನೀರು ಕಾದು ಹಿಗ್ಗಿದಾಗ ಆ ಗಾಳಿ ಒತ್ತಿಕೊಂಡು ಜಾಗ ಬಿಡುತ್ತದೆ. ಗಾಳಿ ಹೋಗಿಬಿಟ್ಟರೆ ನೀರಿಗೆ ಹಿಗ್ಗಲು ಜಾಗ ಇಲ್ಲ. ಪ್ರೆಶರ್ ಸರ್ರನೆ ಏರುತ್ತದೆ. 3 ಬಾರ್‌ಗೆ ಸೇಫ್ಟಿ ವಾಲ್ವ್ ತೆರೆದು ಹೊರಗಿನ ಪೈಪಿಗೆ ನೀರು ಬಿಡುತ್ತದೆ. ಆಮೇಲೆ ಬಾಯ್ಲರ್ ಆರಿದಾಗ, ಹೊರಗೆ ಹೋದ ನೀರಿನಷ್ಟು ಒಳಗೆ ಕಮ್ಮಿ. ಅದೇ ನಿಮ್ಮ 0.4.

ಸರಿಯಾಗಿರುವ ಸಿಸ್ಟಂನಲ್ಲಿ ತಣ್ಣಗಿರುವಾಗ 1ರಿಂದ 1.5, ಬಿಸಿಯಾದಾಗ 2ರ ಆಸುಪಾಸು. ನಿಮ್ಮದು 1.2ರಿಂದ 2.9ಕ್ಕೆ ಹಾರುತ್ತದೆ. ಬರೀ ಸೋರಿಕೆಯಾದರೆ ಹೀಗೆ ಏರುವುದಿಲ್ಲ, ಸುಮ್ನೆ ಇಳಿಯುತ್ತಾ ಹೋಗುತ್ತದೆ.

ಲೆಕ್ಕದಮೇಷ್ಟ್ರು
ಇದಕ್ಕೆ ಒಂದು ಲೆಕ್ಕ. ನೀರು 10 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಗಾತ್ರ ಸುಮಾರು ಶೇಕಡಾ 3 ಹೆಚ್ಚುತ್ತದೆ. 9 ರೇಡಿಯೇಟರ್, ಪೈಪು ಎಲ್ಲ ಸೇರಿ 100 ಲೀಟರ್ ಅಂದುಕೊಳ್ಳಿ. 3 ಲೀಟರ್ ನೀರು "ನಾನೆಲ್ಲಿ ಹೋಗಲಿ" ಅನ್ನುತ್ತದೆ. ನೀರನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ, ಗಾಳಿಯನ್ನು ಆಗುತ್ತದೆ. ಆ ಡಬ್ಬಿ ಇರುವುದೇ ಅದಕ್ಕೆ.

ಮಳೆಬಿಲ್ಲು
ಮೇಷ್ಟ್ರು ಇಲ್ಲೂ ಬಂದರು ಪಾಠ ಮಾಡೋಕೆ 😄

ಪೈಪಣ್ಣ
ವೆಸಲ್ ಆದರೆ ಸುಲಭ. ಸೈಕಲ್ ಪಂಪಲ್ಲಿ ಗಾಳಿ ಹೊಡೆದರೆ ಮುಗೀತು. ಸೈಕಲ್ ಟ್ಯೂಬಿನ ಥರವೇ ವಾಲ್ವ್ ಇರುತ್ತದೆ. ನಾನೇ ಮಾಡಿದ್ದೇನೆ, ಅರ್ಧ ಗಂಟೆ ಕೆಲಸ.

ನೀಲಿಜ್ವಾಲೆ
ಪೈಪಣ್ಣ, ದಯವಿಟ್ಟು ಹೀಗೆ ಅರ್ಧ ಮಾತು ಹೇಳಬೇಡಿ. ಬಾಯ್ಲರ್ ಆರಿಸಿ, ತಣ್ಣಗಾಗಲು ಬಿಟ್ಟು, ನೀರಿನ ಪ್ರೆಶರ್ ಸೊನ್ನೆಗೆ ಇಳಿಸಿ ಆಮೇಲೆ ಗಾಳಿ ಹೊಡೆಯಬೇಕು. ನೀರಿನ ಪ್ರೆಶರ್ ಇದ್ದಾಗ ಹೊಡೆದರೆ ಗೇಜು ತೋರಿಸುವುದು ಸುಳ್ಳು ಲೆಕ್ಕ. ಎಷ್ಟು ಹೊಡೆಯಬೇಕು ಅನ್ನುವುದು ಬಾಯ್ಲರಿನ ಪುಸ್ತಕದಲ್ಲಿ ಇರುತ್ತದೆ, ಸಾಮಾನ್ಯವಾಗಿ 0.75ರಿಂದ 1 ಬಾರ್. ಇನ್ನೊಂದು ಮುಖ್ಯ ಮಾತು. ಕೆಲವು ಬಾಯ್ಲರ್‌ಗಳಲ್ಲಿ ಆ ವಾಲ್ವ್ ಮುಟ್ಟಬೇಕಾದರೆ ಉರಿ ಇರುವ ಪೆಟ್ಟಿಗೆಯ ಕವರನ್ನೇ ಬಿಚ್ಚಬೇಕು. ಅದನ್ನು ಲೈಸೆನ್ಸ್ ಇಲ್ಲದವರು ಬಿಚ್ಚಲೇಬಾರದು. ಆ ಸೀಲ್ ಸರಿಯಾಗಿ ಕೂರದಿದ್ದರೆ ಹೊಗೆ ಮನೆಯೊಳಗೆ ಬರುತ್ತದೆ. ಅದರಲ್ಲಿರುವ ವಿಷದ ಅನಿಲ ಕಾರ್ಬನ್ ಮಾನಾಕ್ಸೈಡ್‌ಗೆ (ಸಿಒ) ಬಣ್ಣ ಇಲ್ಲ, ವಾಸನೆ ಇಲ್ಲ.

ಪೈಪಣ್ಣ
ನನ್ನದರಲ್ಲಿ ವಾಲ್ವ್ ಮೇಲ್ಗಡೆ ಹೊರಗೇ ಇತ್ತು ಮೇಡಂ. ಒಪ್ಪಿದೆ, ಎಲ್ಲದರಲ್ಲೂ ಹಾಗಿರುವುದಿಲ್ಲ.

ನೀಲಿಜ್ವಾಲೆ
ಕಂಬಳಿಹುಳ, ಮನೆಯಲ್ಲಿ ಸಿಒ ಅಲಾರಂ ಇದೆಯಾ? ಬಾಯ್ಲರ್ ಇಡುತ್ತೀರೋ ಬದಲಿಸುತ್ತೀರೋ ಆಮೇಲಿನ ಮಾತು. ಅದು ಮೊದಲು.

ಕಂಬಳಿಹುಳ
ಇದೆ. ಟೆಸ್ಟ್ ಬಟನ್ ಒತ್ತಿದೆ, ಕೂಗಿತು. ಮಗಳು ಎದ್ದು ಅತ್ತಳು.

ಗುಬ್ಬಚ್ಚಿ7
ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ ನನಗೂ ಇದೇ ಥರ ಪ್ರೆಶರ್ ಇಳಿಯುತ್ತಿತ್ತು. ಬಂದವರು ಬಾಯ್ಲರ್ ಹೋಯಿತು ಅಂದರು. ನಂಬಿದೆ. ಹೊಸದು ಹಾಕಿಸಿದೆ, ಸಾಲ ಮಾಡಿ. ಹತ್ತನೇ ದಿನ ನೋಡಿದರೆ ಮುಳ್ಳು ಮತ್ತೆ ಕೆಳಗೆ! ಕೊನೆಗೆ ಸಿಕ್ಕಿದ್ದು ನೆಲದ ಹಲಗೆಯ ಕೆಳಗೆ ಒಂದು ಪೈಪ್ ಜಾಯಿಂಟ್, ಸೂಜಿಮೊನೆಯಷ್ಟು ತೂತು. ಹಲಗೆ ಎತ್ತಿದಾಗ ಅಲ್ಲಿ ಅಣಬೆ ಬೆಳೆದಿತ್ತು. ಅವರಿಗೆ ಫೋನ್ ಮಾಡಿದರೆ "ಬಾಯ್ಲರ್ ಸರಿ ಇದೆಯಲ್ಲ ಮೇಡಂ" ಅಂದರು. ಸರಿ ಇದೆ, ಹಳೆಯದೂ ಸರಿ ಇತ್ತು.

ಹಳೇಸ್ಪ್ಯಾನರ್
ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ, ಬಹಳ ಜನ ಮಾಡುವುದೇ ಇಲ್ಲ. ಬಾಯ್ಲರ್ ಅಡಿಯಲ್ಲಿ ರೇಡಿಯೇಟರ್‌ಗಳಿಗೆ ಹೋಗುವ, ಅಲ್ಲಿಂದ ಬರುವ ಎರಡು ಪೈಪಿಗೂ ವಾಲ್ವ್ ಇರುತ್ತದೆ. ರಾತ್ರಿ ಮಲಗುವಾಗ ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ಎರಡನ್ನೂ ಮುಚ್ಚಿ. ಗೇಜಿನ ಫೋಟೊ ತೆಗೆದಿಡಿ. ಬೆಳಿಗ್ಗೆ ನೋಡಿ. ಮುಚ್ಚಿದ್ದರೂ ಮುಳ್ಳು ಇಳಿದಿದ್ದರೆ ತೊಂದರೆ ಬಾಯ್ಲರ್ ಒಳಗೆ. ಅಲ್ಲಾಡದೆ ನಿಂತಿದ್ದರೆ ಹೊರಗಿನ ಪೈಪು, ರೇಡಿಯೇಟರ್ ಕಡೆ ಹುಡುಕಬೇಕು. ವಾಲ್ವ್ ತೆರೆಯದೆ ಬಾಯ್ಲರ್ ಹಚ್ಚಬೇಡಿ ಮತ್ತೆ.

ಪೈಪಣ್ಣ
ಹೊರಗಿನ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಮರುದಿನ ನೀರು ತುಂಬಿದ್ದರೆ ಸೇಫ್ಟಿ ವಾಲ್ವ್ ಬಿಡುತ್ತಿದೆ ಅಂತ ಖಾತ್ರಿ.

ನೀಲಿಜ್ವಾಲೆ
ಚೀಲ ಸಡಿಲವಾಗಿರಲಿ. ಬಿಗಿದು ಕಟ್ಟಿ ಆ ಪೈಪಿನ ದಾರಿ ಮುಚ್ಚಬೇಡಿ. ಅದು ಕುದಿಯುವಷ್ಟು ಬಿಸಿ ನೀರು ಹೊರಗೆ ಹೋಗುವ ದಾರಿ. ಓಡಾಡುವ ಜಾಗವಾದರೆ ಇನ್ನೂ ಎಚ್ಚರ.

ಕೆಂಡಸಂಪಿಗೆ
ಎಲ್ಲರೂ ಹಳೆ ಬಾಯ್ಲರ್ ಉಳಿಸಿ ಅನ್ನುತ್ತಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. 11 ವರ್ಷ ಆಗಿದೆ. ಇವತ್ತು ವೆಸಲ್, ನಾಳೆ ಫ್ಯಾನ್, ನಾಡಿದ್ದು ಸರ್ಕ್ಯೂಟ್ ಬೋರ್ಡ್. ಒಂದೊಂದೇ ಹಾಕಿಸುತ್ತಾ ಹೋದರೆ ಎರಡು ವರ್ಷದಲ್ಲಿ ಹೊಸ ಬಾಯ್ಲರಿನ ಅರ್ಧ ಬೆಲೆ ಕೊಟ್ಟಿರುತ್ತೀರಿ. ನನಗೆ ಆಗಿದ್ದು ಅದೇ. ಕಟ್ಟಕಡೆಗೆ ಚಳಿಗಾಲದ ನಟ್ಟನಡುವೆ ನಿಂತಾಗ ಯಾರೂ ಸಿಗದೆ ಐದು ದಿನ ಸ್ವೆಟರ್ ಮೇಲೆ ಸ್ವೆಟರ್.

ಹಳೇಸ್ಪ್ಯಾನರ್
ನಿಮ್ಮ ಮಾತಲ್ಲಿ ಹುರುಳಿದೆ. ಮುಖ್ಯ ಹೀಟ್ ಎಕ್ಸ್‌ಚೇಂಜರ್ ನಿಜಕ್ಕೂ ಒಡೆದಿದ್ದರೆ, ಅಥವಾ ಬಿಡಿಭಾಗ ಸಿಗುವುದೇ ನಿಂತಿದ್ದರೆ, ನಾನೂ ಹೊಸದಕ್ಕೇ ಹೇಳುತ್ತೇನೆ. ಆದರೆ ಇಲ್ಲಿ ಒಡೆದಿದೆ ಅಂತ ಯಾರೂ ತೋರಿಸಿಲ್ಲ. "ಸೋರುತ್ತಿರಬೇಕು" ಅಂದರಂತೆ. ಆ "ಬೇಕು"ಗೆ ಎರಡು ತಿಂಗಳ ಸಂಬಳ ಕೊಡಬೇಕಾ?

ಕೆಂಡಸಂಪಿಗೆ
ಅದು ಸರಿ. ಆದರೆ ಹೊಸದು ಗ್ಯಾಸ್ ಉಳಿಸುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕದಮೇಷ್ಟ್ರು
11 ವರ್ಷದ್ದು ಕಂಡೆನ್ಸಿಂಗ್ ಬಾಯ್ಲರೇ ಇರಬೇಕು. ಹೊರಗೆ ಹೋಗುವ ಹೊಗೆಯಲ್ಲಿನ ಆವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಡಿಯುವ ಜಾತಿ. ಪ್ಲಾಸ್ಟಿಕ್ ಪೈಪೊಂದು ಚರಂಡಿಗೆ ಹೋಗಿದ್ದರೆ ಅದೇ. ಹಾಗಿದ್ದರೆ ಹೊಸದರಿಂದ ಸಿಗುವ ಉಳಿತಾಯ ತೀರಾ ಕಡಿಮೆ. ಅದರ ಬದಲು ರೇಡಿಯೇಟರಿಗೆ ಹೋಗುವ ನೀರಿನ ಬಿಸಿ ಇಳಿಸಿ ನೋಡಿ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಆವಿ ನೀರಾಗುತ್ತದೆ. 80ಕ್ಕೆ ಇಟ್ಟುಕೊಂಡು ಕಂಡೆನ್ಸಿಂಗ್ ಬಾಯ್ಲರ್ ಅಂತ ಹೆಮ್ಮೆಪಟ್ಟರೆ ಏನು ಬಂತು? 60ಕ್ಕೆ ಇಳಿಸಿ. ಬಿಟ್ಟಿ ಕೆಲಸ.

ಮಳೆಬಿಲ್ಲು
ನಾನು ಇದನ್ನು ಓದಿ ಹೋದ ವರ್ಷ ಎಲ್ಲವನ್ನೂ 50ಕ್ಕೆ ಇಳಿಸಿದ್ದೇನೆ. ಬಿಸಿನೀರಿನ ಟ್ಯಾಂಕನ್ನೂ.

ನೀಲಿಜ್ವಾಲೆ
ಅಯ್ಯೋ, ಟ್ಯಾಂಕ್ ಬೇಡ! ರೇಡಿಯೇಟರ್ ನೀರು ಬೇರೆ, ಟ್ಯಾಂಕಿನಲ್ಲಿ ಕೂಡಿಟ್ಟು ಸ್ನಾನಕ್ಕೆ ಬಳಸುವ ನೀರು ಬೇರೆ. ಕೂಡಿಟ್ಟ ನೀರನ್ನು 60 ಡಿಗ್ರಿಗೆ ಕಾಯಿಸಬೇಕು. ಇಲ್ಲದಿದ್ದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇದೆ. ಕಾಂಬಿಯಲ್ಲಿ ನೀರು ಕೂಡಿಡುವುದಿಲ್ಲ, ಹಾಗಾಗಿ ಮೇಷ್ಟ್ರ ಮಾತು ಕಂಬಳಿಹುಳ ಅವರಿಗೆ ಸರಿ, ನಿಮಗಲ್ಲ. ಇವತ್ತೇ ಏರಿಸಿ.

ಮಳೆಬಿಲ್ಲು
ಏರಿಸಿದೆ. ಎದೆ ಝಲ್ಲೆಂದಿತು.

ಗುಬ್ಬಚ್ಚಿ7
ಇದೇ ನೆಪದಲ್ಲಿ ಒಂದು ಕೇಳಿಬಿಡುತ್ತೇನೆ. ಹೀಟಿಂಗ್ ದಿನವಿಡೀ ಹಾಕಿಟ್ಟರೆ ಖರ್ಚು ಕಮ್ಮಿಯಂತೆ ಹೌದಾ? ನಮ್ಮ ಮಾವನವರು ಆರಿಸಲು ಬಿಡುವುದೇ ಇಲ್ಲ. "ಮತ್ತೆ ಕಾಯಿಸಲು ಜಾಸ್ತಿ ತಿನ್ನುತ್ತದೆ" ಅನ್ನುತ್ತಾರೆ.

ಲೆಕ್ಕದಮೇಷ್ಟ್ರು
ಇಲ್ಲ. ಒಳಗೂ ಹೊರಗೂ ಇರುವ ಬಿಸಿಯ ಅಂತರ ಎಷ್ಟು ಹೆಚ್ಚೋ, ಎಷ್ಟು ಹೊತ್ತೋ, ಅಷ್ಟು ಬಿಸಿ ಗೋಡೆ ಕಿಟಕಿಯಿಂದ ಸೋರಿಹೋಗುತ್ತದೆ. ಆರಿಸಿದ ಹೊತ್ತಲ್ಲಿ ಮನೆ ತಣ್ಣಗಾಗುತ್ತದೆ, ಸೋರುವುದೂ ಕಮ್ಮಿಯಾಗುತ್ತದೆ. ಮತ್ತೆ ಕಾಯಿಸಲು ಬೇಕಾಗುವುದು ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಬಾಯ್ಲರ್ ಬದಲು ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಕರೆಂಟಿನಿಂದ ಒಳಗೆ ತರುವ ಯಂತ್ರ) ಇದ್ದರೆ ಮಾತ್ರ ಲೆಕ್ಕ ಬೇರೆ.

ಗುಬ್ಬಚ್ಚಿ7
ಇದನ್ನು ಮಾವನವರಿಗೆ ಯಾರು ಹೇಳುತ್ತಾರೆ?

ಪೈಪಣ್ಣ
ಮೇಷ್ಟ್ರನ್ನೇ ಕಳಿಸಿ.

ಕೆಂಡಸಂಪಿಗೆ
ದಾರಿ ತಪ್ಪಿತು. ಕೆಳಗಿನ ತಣ್ಣನೆ ರೇಡಿಯೇಟರ್ ವಿಷಯಕ್ಕೆ ಬನ್ನಿ. ಅದಕ್ಕೆ ಪವರ್ ಫ್ಲಶ್ ಬೇಕೇ ಬೇಕಲ್ಲವಾ?

ಹಳೇಸ್ಪ್ಯಾನರ್
ಮೇಲ್ಭಾಗ ತಣ್ಣಗಿದ್ದರೆ ಗಾಳಿ. ಕೆಳಭಾಗ ತಣ್ಣಗಿದ್ದರೆ ಕೆಸರು. ಹಾಲ್‌ನದು ಕೆಸರು ಅಂತಲೇ ಅನ್ನಿಸುತ್ತದೆ. ಹಾಗಾಗಿ ಗಾಳಿ ಬಿಡುವ ಕೀ ಸಿಕ್ಕಿದರೂ ಅದಕ್ಕೆ ಪ್ರಯೋಜನ ಇಲ್ಲ.

ಈ ಕೆಸರು ಎಲ್ಲಿಂದ ಬಂತು ಗೊತ್ತಾ? ಅದೇ ವೆಸಲ್‌ನಿಂದ. ಒಂದೂವರೆ ವರ್ಷದಿಂದ ವಾರಕ್ಕೆರಡು ಸಲ ಹೊಸ ನೀರು ತುಂಬಿಸಿದ್ದೀರಿ. ಪ್ರತಿ ಸಲವೂ ಹೊಸ ನೀರಿನ ಜತೆ ಆಮ್ಲಜನಕ ಒಳಗೆ ಹೋಗಿದೆ. ರೇಡಿಯೇಟರ್ ಉಕ್ಕಿನದು, ಒಳಗಿಂದ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯಲು ಹಾಕಿದ ದ್ರಾವಣವೂ ತೆಳುವಾಗುತ್ತಾ ಹೋಗುತ್ತದೆ. ಆ ಕಪ್ಪು ಪುಡಿ ಮ್ಯಾಗ್ನೆಟೈಟ್. ನೀರಿಗಿಂತ ಭಾರ, ಕೆಳಗಿನ ರೇಡಿಯೇಟರ್‌ಗಳ ಅಡಿಯಲ್ಲಿ ಹೋಗಿ ಕೂರುತ್ತದೆ. ನೀವು ಎರಡು ಕಾಯಿಲೆ ಅಂದುಕೊಂಡಿದ್ದೀರಿ, ಬೇರು ಒಂದೇ. ವೆಸಲ್ ಸರಿಮಾಡದೆ ಹೊಸ ಬಾಯ್ಲರ್ ಹಾಕಿದರೆ... ಸರಿ, ಹೊಸ ಬಾಯ್ಲರ್ ಜತೆ ಹೊಸ ವೆಸಲ್ ಬರುತ್ತದೆ, ತೊಂದರೆ ಹೋಗುತ್ತದೆ. ಆಗ ಅವರು "ನೋಡಿದಿರಾ, ಬಾಯ್ಲರೇ ಹೋಗಿತ್ತು" ಅನ್ನುತ್ತಾರೆ. ಅದೇ ಇದರ ಮಜಾ.

ಪೈಪಣ್ಣ
ನೀರು ಕಪ್ಪಗಿದ್ದರೆ ಫ್ಲಶ್ ಅಂತ ಎಲ್ಲರೂ ಹೇಳುತ್ತಾರಪ್ಪ.

ಹಳೇಸ್ಪ್ಯಾನರ್
ಸ್ವಲ್ಪ ಕಪ್ಪು ಎಲ್ಲ ಹಳೆ ಸಿಸ್ಟಂನಲ್ಲೂ ಇರುತ್ತದೆ. ಒಂದು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಬಿಡಿ. ಮೇಲೆ ತಿಳಿಯಾಗಿ ತಳದಲ್ಲಿ ದಪ್ಪ ಕಪ್ಪು ಪದರ ಕೂತು, ಹೊರಗಿನಿಂದ ಅಯಸ್ಕಾಂತ ಎಳೆದಾಗ ಅದು ಜತೆಗೇ ಓಡಾಡಿದರೆ ಕೆಸರು ಜಾಸ್ತಿ ಇದೆ. ಆಗಲೂ ಮೂರೇ ರೇಡಿಯೇಟರ್ ಕೆಟ್ಟಿದ್ದರೆ ಮೂರನ್ನೇ ಕಳಚಿ ಹೊರಗೆ ಒಯ್ದು ತೊಳೆಯಬಹುದು. ಹಳೆ ಸಣ್ಣ ಪೈಪು, ಸವೆದ ಜಾಯಿಂಟ್ ಇರುವಲ್ಲಿ ಜೋರಾದ ಫ್ಲಶ್ ಮಾಡಿದರೆ ಕೆಲವೊಮ್ಮೆ ಇಲ್ಲದ ಸೋರಿಕೆ ಶುರುವಾಗುತ್ತದೆ. ನಾನೇ ಮಾಡಿ ಬೈಸಿಕೊಂಡಿದ್ದೇನೆ.

ಮಳೆಬಿಲ್ಲು
ತೊಳೆಯುವ ಮೊದಲು ವಾಲ್ವ್ ನೋಡಿ. ನಮ್ಮ ಮನೆಯಲ್ಲಿ ಒಂದು ರೇಡಿಯೇಟರ್ ಪೂರ್ತಿ ತಣ್ಣಗಿತ್ತು, ಎಲ್ಲರೂ ಕೆಸರು ಅಂದರು. ನಂಬರ್ ಇರುವ ಥರ್ಮೋಸ್ಟಾಟ್ ತಲೆ ತಿರುಗಿಸಿ ಬಿಚ್ಚಿದರೆ ಒಳಗೆ ಒಂದು ಪುಟ್ಟ ಪಿನ್. ಬೇಸಿಗೆಯೆಲ್ಲ ಮುಚ್ಚಿಟ್ಟು ಅದು ಒಳಗೇ ಅಂಟಿಕೊಂಡಿತ್ತು. ಮೆಲ್ಲಗೆ ತಟ್ಟಿ ತಟ್ಟಿ ಸಡಿಲ ಮಾಡಿದೆ, ಪುಟ್ ಅಂತ ಮೇಲೆ ಬಂತು. ಹತ್ತು ನಿಮಿಷಕ್ಕೆ ರೂಮು ಬೆಚ್ಚಗೆ.

ನೀಲಿಜ್ವಾಲೆ
ಹೌದು, ಒತ್ತಿ ಬಿಡಬೇಕು ಅಷ್ಟೆ. ಇಕ್ಕಳ ಹಾಕಿ ಎಳೆಯಬೇಡಿ. ಪಿನ್ ಕಿತ್ತು ಬಂದರೆ ಕಪ್ಪು ನೀರಿನ ಕಾರಂಜಿ.

ಮಳೆಬಿಲ್ಲು
ಕಾರಂಜಿಯ ಅನುಭವವೂ ಇದೆ. ಕಾರ್ಪೆಟ್ ಬಗ್ಗೆ ಕೇಳಬೇಡಿ.

ಕಂಬಳಿಹುಳ
ರಾತ್ರಿ ವಾಲ್ವ್ ಮುಚ್ಚಿಟ್ಟಿದ್ದೆ. ಬೆಳಿಗ್ಗೆ 1.2 ಇದ್ದದ್ದು 1.0. ಚೀಲದಲ್ಲಿ ಒಂದು ಲೋಟದಷ್ಟು ನೀರು. ಅಂದರೆ ಬಾಯ್ಲರ್ ಕಡೆಯೇ ತಾನೇ? ಆದರೆ ತಣ್ಣಗಿರುವಾಗಲೂ ಯಾಕೆ ಬರುತ್ತಿದೆ? 3 ಬಾರ್ ಆಗಿಲ್ಲವಲ್ಲ.

ಹಳೇಸ್ಪ್ಯಾನರ್
ಒಳ್ಳೆ ಪ್ರಶ್ನೆ. ಸೇಫ್ಟಿ ವಾಲ್ವ್ ಪದೇ ಪದೇ ತೆರೆದರೆ ಅದರ ಸೀಟಿನ ಮೇಲೆ ಕಸ ಕೂತು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ, ಸದಾ ಜಿನುಗುತ್ತದೆ. ಅದನ್ನೂ ಬದಲಿಸಬೇಕು. ದೊಡ್ಡ ಭಾಗವೇನಲ್ಲ. ಬೇರೆ ಲೈಸೆನ್ಸ್ ಇರುವವರನ್ನು ಕರೆಸಿ. "ಬಾಯ್ಲರ್ ನೋಡಿ" ಅನ್ನಬೇಡಿ, "ವೆಸಲ್‌ನ ಗಾಳಿ ಅಳೆದು, ಸೇಫ್ಟಿ ವಾಲ್ವ್ ನೋಡಿ, ಎಷ್ಟಿದೆ ಹೇಳಿ" ಅನ್ನಿ. ಅಳತೆಗೆ ಕೂಲಿ ಕೊಡಿ. ಅವರ ಮಾತು ಆಮೇಲೆ ಕೇಳಿ.

ಕೆಂಡಸಂಪಿಗೆ
ಮತ್ತೆ ಹಾಳಾದರೆ ನನ್ನ ಮಾತು ನೆನಪಿಸಿಕೊಳ್ಳಿ, ಅಷ್ಟೇ.

ಕಂಬಳಿಹುಳ
ಎರಡು ವಾರ ಆಯಿತು, ಸುದ್ದಿ ಹೇಳದೆ ಇದ್ದದ್ದಕ್ಕೆ ಕ್ಷಮಿಸಿ.

ಬೇರೆಯವರು ಬಂದರು. ವೆಸಲ್‌ನ ವಾಲ್ವಿನ ಪಿನ್ ಒತ್ತಿದರು. ಗಾಳಿ ಬರುವ ಬದಲು ನೀರು ಚಿಮ್ಮಿತು. ರಬ್ಬರ್ ಪರದೆಯೇ ಹರಿದಿದೆಯಂತೆ, ಗಾಳಿ ಹೊಡೆದು ಪ್ರಯೋಜನ ಇಲ್ಲ. ಪೈಪಣ್ಣ, ನಿಮ್ಮ ಸೈಕಲ್ ಪಂಪ್ ಕೆಲಸಕ್ಕೆ ಬರಲಿಲ್ಲ. ಒಳಗಿನ ಡಬ್ಬಿ ತೆಗೆಯಬೇಕಾದರೆ ಬಾಯ್ಲರನ್ನೇ ಗೋಡೆಯಿಂದ ಇಳಿಸಬೇಕಿತ್ತು. ಅದರ ಬದಲು ವಾಪಸ್ ಬರುವ ಪೈಪಿಗೆ ಹೊರಗಡೆ ಒಂದು ಬೇರೆ ವೆಸಲ್ ಕೂರಿಸಿದರು. ಕೆಂಪು ಡಬ್ಬಿ, ನೋಡಲು ಚೆಂದವೇನಿಲ್ಲ. ಹೊಸ ಸೇಫ್ಟಿ ವಾಲ್ವ್ ಹಾಕಿದರು. ಹೀಟ್ ಎಕ್ಸ್‌ಚೇಂಜರ್ ಒಣಗಿದೆ, ಸೋರಿದ ಗುರುತು ಎಲ್ಲೂ ಇಲ್ಲ ಅಂತ ಕವರ್ ತೆಗೆದು ನನಗೇ ತೋರಿಸಿದರು. ಹೊಗೆಯನ್ನು ಮೀಟರ್ ಹಚ್ಚಿ ಅಳೆದು ಆ ಚೀಟಿಯನ್ನೂ ಕೊಟ್ಟರು. ಎಲ್ಲ ಸೇರಿ ಮೊದಲು ಹೇಳಿದ ಮೊತ್ತದ ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ.

ಹನ್ನೊಂದು ದಿನದಿಂದ ಮುಳ್ಳು ತಣ್ಣಗೆ 1.2, ಬಿಸಿಗೆ 1.8. ದಿನಕ್ಕೆ ಐದು ಸಲ ಹೋಗಿ ನೋಡುತ್ತೇನೆ, ಮನೆಯವರು ನಗುತ್ತಾರೆ.

ಕೆಳಗಿನ ಮೂರರಲ್ಲಿ ಒಂದರ ಕೆಳವಾಲ್ವ್ ಯಾರೋ ಪೂರ್ತಿ ಮುಚ್ಚಿಟ್ಟಿದ್ದರು. ಮೂರು ಸುತ್ತು ತೆರೆದದ್ದೇ ಕಾದಿತು. ಇನ್ನೊಂದನ್ನು ಕಳಚಿ ಹಿತ್ತಲಲ್ಲಿ ಪೈಪ್ ಬಿಟ್ಟು ತೊಳೆದೆವು, ಒಳಗಿಂದ ಶಾಯಿ ಬಂದ ಹಾಗೆ ಬಂತು. ತುಕ್ಕು ತಡೆಯುವ ದ್ರಾವಣವನ್ನೂ ಹೊಸದಾಗಿ ಹಾಕಿಸಿದೆ. ಹಾಲ್‌ನ ದೊಡ್ಡದು ಮಾತ್ರ ಹಾಗೇ ಉಳಿದಿದೆ, ಅದರ ಮುಂದೆ ಮೂರು ಜನ ಕೂರುವ ಸೋಫಾ.

ಪೈಪಣ್ಣ
ಪಂಪ್ ಸೋತಿತು, ಒಪ್ಪಿದೆ. ಚೀಲ ಗೆದ್ದಿತಲ್ಲ!

ಗುಬ್ಬಚ್ಚಿ7
ಮೂರು ವರ್ಷ ಮುಂಚೆ ನೀವೆಲ್ಲ ಎಲ್ಲಿದ್ದಿರಿ 😭

ಕೆಂಡಸಂಪಿಗೆ
ಖುಷಿಯಾಯಿತು. ಆದರೂ ಹೊಸ ಬಾಯ್ಲರಿಗೆ ಈಗಿಂದಲೇ ತಿಂಗಳಿಗೆ ಸ್ವಲ್ಪ ಎತ್ತಿಡಿ. 11 ವರ್ಷ 11 ವರ್ಷವೇ.

ಹಳೇಸ್ಪ್ಯಾನರ್
ಅದು ಒಳ್ಳೆ ಸಲಹೆ, ನಾನೂ ಒಪ್ಪುತ್ತೇನೆ. ಸೋಫಾ ಸರಿಸಿ ಅದನ್ನೂ ತೊಳೆಯಿರಿ. ಭಾರ ಇರುತ್ತದೆ, ಇಬ್ಬರು ಹಿಡಿಯಿರಿ, ಎರಡೂ ತುದಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಮಳೆಬಿಲ್ಲು ಅವರ ಕಾರ್ಪೆಟ್ ಕಥೆ.

ಮಳೆಬಿಲ್ಲು
ಕೇಳಬೇಡಿ ಅಂದಿದ್ದೆ.

ಕಂಬಳಿಹುಳ
ಸೋಫಾ ಸರಿಸಿದೆ. ಅದರ ಹಿಂದೆ ಕೀ ಸಿಕ್ಕಿತು.